ರಟ್ಟಿನ ಮೇಲೆ ಯಾರ ಹೆಸರು? ನೋಟುಪುಸ್ತಕ ವಿತರಣೆಯ ಒಂದು ವಿಮರ್ಶೆ

ಆದಿತೀರ್ಥಂಕರ ವೃಷಭದೇವನು ದೀಕ್ಷಾನಂತರ ಆಹಾರಕ್ಕಾಗಿ ನಾಡಿನಲ್ಲಿ ಸಂಚರಿಸಿದ ಪ್ರಸಂಗವು ಜೈನ ವಾಚಕರಿಗೆ ಚಿರಪರಿಚಿತವಾದುದು. ಜಿನಸೇನಾಚಾರ್ಯರ ಸಂಸ್ಕೃತ ಪುರಾಣದಲ್ಲಿಯೂ, ಕ್ರಿ.ಶ. ೯೪೧ರಲ್ಲಿ ಪಂಪನು ರಚಿಸಿದ ಕನ್ನಡ ಆದಿಪುರಾಣದಲ್ಲಿಯೂ ಅದು ಬರುತ್ತದೆ. ಅಂದಿನ ಪ್ರಜೆಗಳು ಕೃಪಣರಾಗಿರಲಿಲ್ಲ. ಸ್ವಾಮಿಯು ಬಾಗಿಲಿಗೆ ಬಂದಾಗ ಒಬ್ಬರು ರತ್ನಗಳನ್ನು ತಂದರು, ಒಬ್ಬರು ಆನೆ ಕುದುರೆಗಳನ್ನು ತಂದರು, ಮತ್ತೊಬ್ಬರು ವಸ್ತ್ರಾಭರಣಗಳನ್ನು ಹರವಿದರು. ಕೊಡುವ ಮನಸ್ಸು ಎಲ್ಲರಲ್ಲಿಯೂ ಇತ್ತು. ಆದರೆ ಎದುರಿಗೆ ನಿಂತವನಿಗೆ ಏನು ಬೇಕು, ಅದನ್ನು ಹೇಗೆ ಕೊಡಬೇಕು ಎಂಬುದು ಯಾರಿಗೂ ತಿಳಿದಿರಲಿಲ್ಲ. ಹಸ್ತಿನಾಪುರದ ಶ್ರೇಯಾಂಸಕುಮಾರನು ಜನ್ಮಾಂತರದ ಸ್ಮರಣೆಯಿಂದ ದಾನವಿಧಿಯನ್ನು ಅರಿತು ಕಬ್ಬಿನ ರಸವನ್ನು ನೀಡಿದನು. ಆ ದಿನವೇ ಅಕ್ಷಯ ತೃತೀಯಾ. ದಾನಕ್ಕೆ ಔದಾರ್ಯವೊಂದೇ ಸಾಲದು, ಅರಿವೂ ಬೇಕು ಎಂಬುದು ಈ ಪ್ರಸಂಗದ ಸಾರ. ಪ್ರತಿವರ್ಷ ಶಾಲೆಗಳು ತೆರೆಯುವ ಹೊತ್ತಿಗೆ ಕರ್ನಾಟಕದ ಊರೂರುಗಳಲ್ಲಿ ನಡೆಯುವ ನೋಟುಪುಸ್ತಕ ವಿತರಣೆಯ ಕಾರ್ಯವನ್ನು ಈ ಸಾರದ ಬೆಳಕಿನಲ್ಲಿ ಪರಿಶೀಲಿಸುವುದು ಉಚಿತವಾಗಿದೆ.

ಮೊದಲಿಗೆ ಹೇಳಬೇಕಾದುದು, ಈ ಕಾರ್ಯವು ಒಳ್ಳೆಯ ಕಾರ್ಯ. ಮೇ ತಿಂಗಳ ಕೊನೆಗೆ ಶಾಲೆಯ ಬಾಗಿಲು ತೆರೆದು ಮುಂಗಾರು ಮಳೆ ಹಿಡಿಯುವ ವೇಳೆಗೆ ಓಣಿಯ ಹಿರಿಯರು, ಯುವಕ ಸಂಘ, ಮಹಿಳಾ ಮಂಡಲ, ಬಸದಿಯ ಸಮಿತಿ, ವರ್ತಕರ ಸಂಘ ಮುಂತಾದವರು ಮನೆಮನೆಯಿಂದ ಹಣ ಕೂಡಿಸಿ ನೋಟುಪುಸ್ತಕ, ಪೆನ್ಸಿಲು, ಚೀಲ, ಕೊಡೆಗಳನ್ನು ಕೊಂಡು ಹತ್ತಿರದ ಸರಕಾರಿ ಶಾಲೆಯ ಮಕ್ಕಳಿಗೆ ಹಂಚುತ್ತಾರೆ. ಯಾರ ಒತ್ತಾಯವೂ ಇಲ್ಲದೆ ನೆರೆಹೊರೆಯವರು ತಮ್ಮ ಮಕ್ಕಳಲ್ಲದ ಮಕ್ಕಳ ಬಗೆಗೆ ಯೋಚಿಸುವ ಸಂದರ್ಭಗಳು ವರ್ಷದಲ್ಲಿ ಅನೇಕವಿಲ್ಲ, ಇದು ಅವುಗಳಲ್ಲೊಂದು. ಆದುದರಿಂದ ಈ ಕಾರ್ಯದಲ್ಲಿ ಸೇರಿಕೊಂಡಿರುವ ದೋಷಗಳನ್ನು ಎತ್ತಿ ತೋರಿಸುವುದು ಅದನ್ನು ನಿಲ್ಲಿಸುವ ಉದ್ದೇಶದಿಂದಲ್ಲ. ಕಳೆ ಕೀಳುವವನಿಗೆ ಪೈರಿನ ಮೇಲೆ ದ್ವೇಷವಿರುವುದಿಲ್ಲ.

ಕಾರ್ಯದ ಅವಶ್ಯಕತೆಯ ಬಗೆಗೂ ಸಂದೇಹಕ್ಕೆ ಎಡೆಯಿಲ್ಲ. ೨೦೦೨ರ ತಿದ್ದುಪಡಿಯಿಂದ ೬ರಿಂದ ೧೪ ವರ್ಷದ ಮಕ್ಕಳ ಶಿಕ್ಷಣವು ಸಂವಿಧಾನದ ಮೂಲಭೂತ ಹಕ್ಕುಗಳ ಸಾಲಿಗೆ ಸೇರಿತು. ಅದನ್ನು ಜಾರಿಗೊಳಿಸುವ ೨೦೦೯ರ ಕಾಯಿದೆ ೨೦೧೦ರ ಏಪ್ರಿಲ್ ೧ರಿಂದ ಆಚರಣೆಗೆ ಬಂದಿತು. ಕರ್ನಾಟಕದ ಸರಕಾರಿ ಶಾಲೆಯ ಮಗುವಿಗೆ ಪಠ್ಯಪುಸ್ತಕ, ಸಮವಸ್ತ್ರ, ಮಧ್ಯಾಹ್ನದ ಬಿಸಿಯೂಟಗಳು ಉಚಿತವಾಗಿ ದೊರೆಯುತ್ತವೆ. ಆದರೂ ಹಕ್ಕಿಗೂ ಬರವಣಿಗೆಗೂ ನಡುವೆ ಒಂದು ಪೆನ್ಸಿಲಿನಷ್ಟು ಅಂತರ ಉಳಿದೇ ಇರುತ್ತದೆ. ಪೆನ್ಸಿಲು, ರಬ್ಬರು, ಕಂಪಾಸ್ ಪೆಟ್ಟಿಗೆ, ಚೀಲ, ಕೊಡೆ ಮೊದಲಾದ ಚಿಕ್ಕಪುಟ್ಟ ವಸ್ತುಗಳ ಭಾರ ಬಹುಕಾಲದಿಂದ ಮನೆಯವರ ಮೇಲೆಯೇ ಬಿದ್ದಿದೆ. ಕೂಲಿ ಮಾಡುವ ಮನೆಯಲ್ಲಿ ಮೂವರು ಮಕ್ಕಳು ಶಾಲೆಗೆ ಹೋಗುವವರಿದ್ದರೆ, ತುಂಡುಭೂಮಿಯ ಬೀಜ ಗೊಬ್ಬರದ ಖರ್ಚು, ಸೋರುವ ಮಾಡಿನ ಖರ್ಚು, ಶಾಲೆಯ ಖರ್ಚು ಮೂರೂ ಒಂದೇ ತಿಂಗಳಲ್ಲಿ ಬಂದು ನಿಲ್ಲುತ್ತವೆ. ಮೂರರಲ್ಲಿ ಮುಂದಕ್ಕೆ ಹಾಕಬಹುದಾದುದು ಶಾಲೆಯ ಖರ್ಚು ಮಾತ್ರ. ಹಾಗೆ ಮುಂದಕ್ಕೆ ಹೋದ ಖರ್ಚಿನ ಫಲವಾಗಿ ಮಗು ತರಗತಿಯಲ್ಲಿ ಬರೆಯದೆ ಕುಳಿತುಕೊಳ್ಳುತ್ತದೆ.

ದಾನದ ಗುಣದೋಷಗಳನ್ನು ಅಳೆಯಲು ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ನಾಲ್ಕು ಅಳತೆಗೋಲುಗಳನ್ನು ಸೂಚಿಸಿದ್ದಾರೆ: ಕೊಡುವ ವಿಧಿ, ಕೊಡುವ ದ್ರವ್ಯ, ಕೊಡುವ ದಾತೃ, ತೆಗೆದುಕೊಳ್ಳುವ ಪಾತ್ರ. ಅದೇ ಅಧ್ಯಾಯದಲ್ಲಿ ಅತಿಥಿಸಂವಿಭಾಗ ವ್ರತಕ್ಕೆ ಉಂಟಾಗುವ ಐದು ಅತಿಚಾರಗಳನ್ನೂ ಹೇಳಲಾಗಿದೆ. ಇವೆಲ್ಲವೂ ಮುಖ್ಯವಾಗಿ ಮುನಿಗಳಿಗೆ ನೀಡುವ ಆಹಾರದಾನವನ್ನು ಕುರಿತ ಮಾತುಗಳು ಎಂಬುದನ್ನು ಮರೆಯುವಂತಿಲ್ಲ. ಐದು ಅತಿಚಾರಗಳಲ್ಲಿ ಮೊದಲಿನ ಎರಡು ಸಚಿತ್ತ ವಸ್ತುಗಳ ಸಂಪರ್ಕವನ್ನು ಕುರಿತವು. ನೋಟುಪುಸ್ತಕಕ್ಕೆ ಅವುಗಳ ಸಂಬಂಧವಿಲ್ಲ. ಆದರೆ ಉಳಿದ ಮೂರು, ಎಂದರೆ ಪರವ್ಯಪದೇಶ, ಮಾತ್ಸರ್ಯ, ಕಾಲಾತಿಕ್ರಮಗಳು, ಕೊಡುವವನ ಮನಸ್ಸನ್ನು ಕುರಿತವು. ಮನಸ್ಸು ಪಾತ್ರಭೇದದಿಂದ ಬದಲಾಗುವುದಿಲ್ಲ. ಮುನಿಯ ಮುಂದೆ ದೋಷವಾದುದು ಮಗುವಿನ ಮುಂದೆ ಗುಣವಾಗಲಾರದು.

ದ್ರವ್ಯದಿಂದಲೇ ವಿಚಾರವನ್ನು ಆರಂಭಿಸಬಹುದು. ವ್ಯಾಪಾರದ ಪರಿಚಯವಿದ್ದವರಿಗೆ ನೋಟುಪುಸ್ತಕ ಎಂಬುದು ಒಂದು ವಸ್ತುವಲ್ಲವೆಂದು ಗೊತ್ತು. ಅಕ್ಷರ ತಿದ್ದುವ ಮಗುವಿಗೆ ಎರಡು ಗೆರೆಯದು, ಇಂಗ್ಲಿಷ್ ಅಕ್ಷರಕ್ಕೆ ನಾಲ್ಕು ಗೆರೆಯದು, ಲೆಕ್ಕಕ್ಕೆ ಚೌಕುಳಿಯದು, ಮೇಲಿನ ತರಗತಿಗೆ ಒಂದು ಗೆರೆಯದು, ಚಿತ್ರಕ್ಕೆ ಗೆರೆಯಿಲ್ಲದ್ದು ಹೀಗೆ ಬಗೆಗಳಿವೆ. ಹಾಳೆಯ ದಪ್ಪ ಕಡಿಮೆಯಾದರೆ ಶಾಯಿ ಹಿಂಬದಿಗೆ ಇಳಿಯುತ್ತದೆ; ಒಂದು ಬದಿಯಲ್ಲಿ ಬರೆದರೆ ಇನ್ನೊಂದು ಬದಿ ವ್ಯರ್ಥವಾಗುತ್ತದೆ; ೨೦೦ ಪುಟದ ಪುಸ್ತಕ ವಾಸ್ತವದಲ್ಲಿ ೧೦೦ ಪುಟದ್ದಾಗುತ್ತದೆ. ವಿತರಣೆಯ ಸಮಿತಿಗಳು ಸಾಮಾನ್ಯವಾಗಿ ಒಂದೇ ಬಗೆಯ ಪುಸ್ತಕಗಳನ್ನು ಸಗಟಾಗಿ ಕೊಂಡು ಒಂದನೆಯ ತರಗತಿಯ ಮಗುವಿಗೂ ಏಳನೆಯ ತರಗತಿಯ ಹುಡುಗಿಗೂ ಸಮನಾಗಿ ಕೊಡುತ್ತವೆ. ಸಮತೆಯಂತೆ ಕಾಣುವ ಇದು ವಿಚಾರದ ಅಭಾವ. ಮುಖ್ಯೋಪಾಧ್ಯಾಯರನ್ನು ಕೇಳಿದರೆ ಒಂದು ಹಾಳೆಯ ಮೇಲೆ ತರಗತಿವಾರು ಪಟ್ಟಿ ಬರೆದುಕೊಟ್ಟಾರು. ಕೇಳುವವರು ವಿರಳ. ವೃಷಭದೇವನ ಮುಂದೆ ಆನೆಗಳನ್ನು ತಂದು ನಿಲ್ಲಿಸಿದ ಪ್ರಜೆಗಳು ಇಂದಿಗೂ ಇದ್ದಾರೆ.

ಬೆಲೆಯ ವಿಚಾರವನ್ನೂ ಇಲ್ಲಿಯೇ ನೋಡಬಹುದು. ೨೦೨೫ರ ಸೆಪ್ಟೆಂಬರ್ ೨೨ರಿಂದ ನೋಟುಪುಸ್ತಕ, ಪೆನ್ಸಿಲು, ರಬ್ಬರುಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆಯನ್ನು ಪೂರ್ಣವಾಗಿ ತೆಗೆಯಲಾಯಿತು. ಅದಕ್ಕೆ ಮೊದಲು ನೋಟುಪುಸ್ತಕಕ್ಕೆ ಶೇಕಡಾ ೧೨ರ ತೆರಿಗೆ ಇತ್ತು. ಸಮಿತಿಯ ಹಣ ಅಷ್ಟರಮಟ್ಟಿಗೆ ಹೆಚ್ಚು ದೂರ ಹೋಗಬೇಕು. ಆದರೆ ಅದೇ ಸಮಿತಿಯು ದಾನಿಗಳ ಭಾವಚಿತ್ರವುಳ್ಳ ಬಣ್ಣದ ರಟ್ಟನ್ನು ಬೇರೆಯಾಗಿ ಅಚ್ಚುಹಾಕಿಸಿದರೆ, ಸರಕಾರವು ಬಿಟ್ಟುಕೊಟ್ಟ ಹಣ ಕೀರ್ತಿಯ ತೆರಿಗೆಯಾಗಿ ಮರಳಿ ಖರ್ಚಾಗುತ್ತದೆ.

ಎರಡನೆಯದು ವಿಧಿ. ಸಮಾರಂಭದ ದೃಶ್ಯವು ಎಲ್ಲರಿಗೂ ಪರಿಚಿತವಾದುದು. ಶಾಲೆಯ ಅಂಗಳದಲ್ಲಿ ಶಾಮಿಯಾನ, ಧ್ವನಿವರ್ಧಕ, ವೇದಿಕೆಯ ಹಿಂದೆ ದೊಡ್ಡ ಫಲಕ. ಹತ್ತು ಗಂಟೆಗೆ ಸಾಲಾಗಿ ಕುಳ್ಳಿರಿಸಿದ ಮಕ್ಕಳು ಹನ್ನೆರಡಕ್ಕೆ ಬರುವ ಮುಖ್ಯ ಅತಿಥಿಗಾಗಿ ಕಾಯುತ್ತಾರೆ. ಸ್ವಾಗತ, ಹಾರ, ಶಾಲು, ಫಲತಾಂಬೂಲ, ಭಾಷಣಗಳಾದ ಬಳಿಕ ಕೆಲವು ಮಕ್ಕಳ ಹೆಸರನ್ನು ಕೂಗುತ್ತಾರೆ. ಮಗು ವೇದಿಕೆಯೇರಿ ಪುಸ್ತಕದ ಒಂದು ತುದಿಯನ್ನು ಹಿಡಿದುಕೊಳ್ಳುತ್ತದೆ. ಇನ್ನೊಂದು ತುದಿಯನ್ನು ದಾನಿಗಳು ಬಿಡುವುದಿಲ್ಲ, ಏಕೆಂದರೆ ಚಿತ್ರ ತೆಗೆಯುವವನು ಇನ್ನೂ ಸಿದ್ಧನಾಗಿಲ್ಲ. ಕೊಟ್ಟ ವಸ್ತುವಿನ ಮೇಲಿನ ಮಮತ್ವವನ್ನು ಬಿಡುವುದೇ ದಾನವೆಂದು ಶಾಸ್ತ್ರ ಹೇಳುತ್ತದೆ. ಹಿಡಿದ ತುದಿಯನ್ನು ಬಿಡದ ಆ ಕ್ಷಣವೇ ಸಮಾರಂಭದ ಅತಿ ಮುಖ್ಯವಾದ ಕ್ಷಣವಾಗಿರುವುದು ವಿಪರ್ಯಾಸ. ಹಿಂದೆ ಪತ್ರಿಕೆಯ ಒಂದು ಮೂಲೆಯಲ್ಲಿ ಅಚ್ಚಾಗಿ ಮರುದಿನ ಮರೆಯಾಗುತ್ತಿದ್ದ ಚಿತ್ರ ಇಂದು ಮೊಬೈಲುಗಳ ಮೂಲಕ ಸಾವಿರಾರು ಜನರ ಕೈಸೇರುತ್ತದೆ, ವರ್ಷಗಳ ಕಾಲ ಉಳಿಯುತ್ತದೆ. ಆ ಮಗು ದೊಡ್ಡವಳಾಗಿ ಕೆಲಸಕ್ಕೆ ಸೇರಿದ ಮೇಲೂ ಅವಳು ಕೈಯೊಡ್ಡಿದ ಚಿತ್ರ ಎಲ್ಲಿಯೋ ಇರುತ್ತದೆ.

ಒಂದು ಸಮಾರಂಭದ ಖರ್ಚನ್ನು ಎರಡು ಕಾಲಂಗಳಲ್ಲಿ ಬರೆಯುವ ಅಭ್ಯಾಸವಿದ್ದರೆ ಸಮಿತಿಗಳಿಗೆ ಬೇರೆ ವಿಮರ್ಶಕರು ಬೇಕಾಗುವುದಿಲ್ಲ. ಎಡಗಡೆ ಮಕ್ಕಳ ಚೀಲ ಸೇರಿದ ವಸ್ತುಗಳ ಬೆಲೆ. ಬಲಗಡೆ ಶಾಮಿಯಾನ, ಫಲಕ, ಆಮಂತ್ರಣ ಪತ್ರಿಕೆ, ಹಾರ, ಶಾಲು, ಅತಿಥಿಗಳ ಉಪಾಹಾರ. ಬಲಗಡೆಯ ಮೊತ್ತ ಎಡಗಡೆಯ ಮೊತ್ತದ ಸಮೀಪಕ್ಕೆ ಬಂದರೆ ಅದನ್ನು ದಾನದ ಲೆಕ್ಕವೆಂದು ಕರೆಯಲು ಯಾವ ಗುಮಾಸ್ತನೂ ಒಪ್ಪಲಾರನು.

ವಿಧಿಗೆ ಅಂಟಿಕೊಂಡಿರುವುದೇ ಕಾಲ. ಕಾಲಾತಿಕ್ರಮವೆಂದರೆ ಕೊಡಬೇಕಾದ ಹೊತ್ತನ್ನು ಮೀರಿ ಕೊಡುವುದು. ಶಾಲೆ ತೆರೆಯುವುದು ಮೇ ಕೊನೆಗೆ ಅಥವಾ ಜೂನ್ ಆರಂಭಕ್ಕೆ. ಅತಿಥಿಗಳ ಅನುಕೂಲದಿಂದ ವಿತರಣೆಯು ಜುಲೈಗೋ ಆಗಸ್ಟಿನ ಧ್ವಜಾರೋಹಣದ ದಿನಕ್ಕೋ ಮುಂದೆ ಹೋಗುತ್ತದೆ. ಅಷ್ಟರಲ್ಲಿ ತಾಯಿಯು ಕೈಸಾಲ ಮಾಡಿ ಪುಸ್ತಕ ತಂದಾಗಿರುತ್ತದೆ, ಇಲ್ಲವೆ ಮಗು ಎರಡು ತಿಂಗಳ ಪಾಠವನ್ನು ಬರೆಯದೆ ಕಳೆದುಕೊಂಡಿರುತ್ತದೆ. ಇನ್ನೊಂದು ಕಾಲಾತಿಕ್ರಮವೂ ಇದೆ. ಅದನ್ನು ಯಾರೂ ಗಮನಿಸುವುದಿಲ್ಲ. ಚೆನ್ನಾಗಿ ಬರೆಯುವ ಮಗುವಿನ ಪುಸ್ತಕ ದಸರಾ ರಜೆ ಮುಗಿಯುವ ವೇಳೆಗೆ ತುಂಬಿರುತ್ತದೆ. ವರ್ಷದ ಉತ್ತರಾರ್ಧಕ್ಕೆ ಯಾವ ಸಮಿತಿಯೂ ಇರುವುದಿಲ್ಲ. ಶ್ರದ್ಧೆಯಿಂದ ಓದುವ ಮಗುವೇ ಮೊದಲು ಬರಿಗೈಯಾಗುತ್ತದೆ.

ಮೂರನೆಯದು ದಾತೃ. ಇಲ್ಲಿ ಪರವ್ಯಪದೇಶದ ವಿಚಾರ ಬರುತ್ತದೆ. ವ್ಯಾಖ್ಯಾನಕಾರರು ಈ ಶಬ್ದವನ್ನು ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ವಿವರಿಸಿದ್ದಾರೆ: ತನ್ನಲ್ಲಿರುವುದನ್ನು ಪರರದೆಂದು ಹೇಳಿ ಜಾರಿಕೊಳ್ಳುವುದು, ಪರರ ದ್ರವ್ಯವನ್ನು ತಾನು ಕೊಡುವುದು, ತಾನು ಮಾಡಬೇಕಾದುದನ್ನು ಇನ್ನೊಬ್ಬರ ಮೇಲೆ ಹಾಕುವುದು. ಎಲ್ಲ ಅರ್ಥಗಳ ತಿರುಳು ಒಂದೇ: ಕೊಡುವವನಿಗೂ ಕೊಡುವ ದ್ರವ್ಯಕ್ಕೂ ಇರುವ ಸಂಬಂಧ ಪ್ರಾಮಾಣಿಕವಾಗಿರಬೇಕು. ಓಣಿಯ ನಲವತ್ತು ಮನೆಗಳು ತಮ್ಮ ಶಕ್ತ್ಯನುಸಾರ ಕೊಟ್ಟ ಹಣದಿಂದ ಪುಸ್ತಕ ಬಂದಿರುವಾಗ ಫಲಕದ ಮೇಲೆ ಇಬ್ಬರ ಭಾವಚಿತ್ರ ಮಾತ್ರ ಇದ್ದರೆ ಉಳಿದ ಮೂವತ್ತೆಂಟು ಮನೆಗಳ ದ್ರವ್ಯಕ್ಕೆ ಏನಾಯಿತೆಂದು ಕೇಳಬೇಕಾಗುತ್ತದೆ.

ವರ್ತಕ ಸಮಾಜವು ಈ ಪ್ರಶ್ನೆಯನ್ನು ತನ್ನ ಹಳೆಯ ಖಾತೆಪುಸ್ತಕದಲ್ಲಿಯೇ ಎದುರಿಸಬೇಕು. ಅಡತಿ ಅಂಗಡಿಗಳ ಪಟ್ಟಿಯಲ್ಲಿ ಹಿಂದೆ ದಲಾಲಿ, ಹಮಾಲಿ, ತೂಕದ ಕೂಲಿಗಳ ಜೊತೆಗೆ ಧರ್ಮಾದಾಯವೆಂಬ ಒಂದು ಬಾಬು ಇರುತ್ತಿತ್ತು. ಮಾಲಿನ ಲೆಕ್ಕದಲ್ಲಿ ಮುರಿದುಕೊಂಡ ಆ ಚಿಕ್ಕ ಮೊತ್ತಗಳು ಕೂಡಿ ಧರ್ಮಕಾರ್ಯಕ್ಕೆ ಸಲ್ಲುತ್ತಿದ್ದವು. ಎಷ್ಟೋ ಛತ್ರ, ಬಾವಿ, ಪಾಠಶಾಲೆಗಳು ಅದರಿಂದ ಆದವು. ಈ ಹಣ ಯಾರದು? ೧೯೭೦ರ ದಶಕದ ಕೊನೆಯಲ್ಲಿ ಬಿಜ್ಲಿ ಕಾಟನ್ ಮಿಲ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಧರ್ಮಕ್ಕೆಂದೇ ಮೀಸಲಾಗಿ ಬಂದ ಇಂಥ ಹಣವು ವ್ಯಾಪಾರಿಯ ಆದಾಯವಲ್ಲವೆಂದು ನಿರ್ಣಯಿಸಿತು. ತೆರಿಗೆ ಕೊಡುವಾಗ ಅದು ತನ್ನದಲ್ಲವೆಂದು ವಾದಿಸಿ ಗೆದ್ದ ವರ್ಗವು ಹಂಚುವಾಗ ಅದು ತನ್ನದೆಂದು ಹೆಸರು ಬರೆಯಿಸಿಕೊಳ್ಳುವುದು ಹೇಗೆ ಹೊಂದುತ್ತದೆ? ನೋಟುಪುಸ್ತಕದ ಚಂದಾಹಣಕ್ಕೂ ಇದೇ ನ್ಯಾಯ ಅನ್ವಯಿಸುತ್ತದೆ.

ಮಾತ್ಸರ್ಯಕ್ಕೆ ಎರಡು ಅರ್ಥಗಳಿವೆ: ಕೊಡುತ್ತಿದ್ದರೂ ಆದರವಿಲ್ಲದಿರುವುದು ಒಂದು, ಬೇರೆ ದಾನಿಗಳ ಗುಣವನ್ನು ಸಹಿಸಲಾರದಿರುವುದು ಇನ್ನೊಂದು. ಎರಡನೆಯದರ ಫಲವನ್ನು ಯಾವ ಪಟ್ಟಣದಲ್ಲಿಯಾದರೂ ನೋಡಬಹುದು. ಪೇಟೆಯ ನಡುವಿನ ಶಾಲೆಗೆ ಎರಡು ಸಂಘಗಳು ಪೈಪೋಟಿಯಿಂದ ಎರಡು ಸಲ ಪುಸ್ತಕ ಹಂಚುತ್ತವೆ. ಊರ ಹೊರಗಿನ ಹೊಸ ಬಡಾವಣೆಯ ಆಚೆಗೆ, ಕಲ್ಲುಗಣಿಯ ಕೂಲಿಕಾರರ ಮಕ್ಕಳು ಹೋಗುವ ಶಾಲೆಗೆ ಯಾರೂ ಹೋಗುವುದಿಲ್ಲ. ಅಲ್ಲಿ ನೋಡುವ ಜನರಿಲ್ಲ.

ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ದಾತೃವಿಗೆ ಏಳು ಗುಣಗಳನ್ನು ಎಣಿಸಿದ್ದಾರೆ. ಲೌಕಿಕ ಫಲದ ಅಪೇಕ್ಷೆಯಿಲ್ಲದಿರುವುದು, ತಾಳ್ಮೆ, ಕಪಟವಿಲ್ಲದಿರುವುದು, ಅಸೂಯೆಯಿಲ್ಲದಿರುವುದು, ಕೊಟ್ಟುದಕ್ಕೆ ಮರುಗದಿರುವುದು, ಸಂತೋಷ, ಅಹಂಕಾರವಿಲ್ಲದಿರುವುದು ಇವೇ ಆ ಏಳು. ಇವುಗಳಲ್ಲಿ ಧನದ ಮಾತು ಎಲ್ಲಿಯೂ ಇಲ್ಲವೆಂಬುದು ಗಮನಾರ್ಹ. ಶಾಸ್ತ್ರದಾನಕ್ಕೆ ದೃಷ್ಟಾಂತವಾಗಿ ಶ್ರಾವಕಾಚಾರ ಗ್ರಂಥಗಳು ಹೆಸರಿಸುವ ಕೌಂಡೇಶನ ಕಥೆಯೂ ಇದನ್ನೇ ಸಮರ್ಥಿಸುತ್ತದೆ. ಅವನು ಹಿಂದಿನ ಜನ್ಮದಲ್ಲಿ ಒಬ್ಬ ಗೋವಳ. ಮರದ ಪೊಟರೆಯಲ್ಲಿ ದೊರೆತ ಶಾಸ್ತ್ರಗ್ರಂಥವನ್ನು ಭಕ್ತಿಯಿಂದ ಕಾಪಾಡಿ ಮುನಿಗೆ ಒಪ್ಪಿಸಿದುದೇ ಅವನ ದಾನ. ಪುಸ್ತಕದಾನದ ಆದರ್ಶಪುರುಷನಾಗಿ ಪರಂಪರೆಯು ಆರಿಸಿಕೊಂಡದ್ದು ಶ್ರೇಷ್ಠಿಯನ್ನಲ್ಲ, ದನ ಕಾಯುವವನನ್ನು.

ಇಲ್ಲಿ ಒಂದು ಪ್ರಬಲವಾದ ಆಕ್ಷೇಪಣೆ ಏಳುತ್ತದೆ. ಶ್ರವಣಬೆಳಗೊಳದ ಬಂಡೆಗಳ ಮೇಲೆ, ನಾಡಿನ ಬಸದಿಗಳ ಶಾಸನಗಳಲ್ಲಿ ದಾನಿಗಳ ಹೆಸರುಗಳು ತುಂಬಿವೆ. ಪೊನ್ನನ ಶಾಂತಿಪುರಾಣದ ೧೦೦೦ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಕೀರ್ತಿ ಪಡೆದ ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರು ಲಕ್ಕುಂಡಿಯ ೧೦೦೭ರ ಶಾಸನದಲ್ಲಿ ಉಳಿದು ಬಂದಿದೆ. ಅಂದಿನ ಹೆಸರು ಪುಣ್ಯವಾದರೆ ಇಂದಿನ ಹೆಸರು ಪಾಪವೇ? ಎಂಬುದೇ ಆ ಆಕ್ಷೇಪಣೆ.

ಶಾಸನವನ್ನು ಓದಿದವರಿಗೆ ಉತ್ತರವೂ ಅಲ್ಲಿಯೇ ದೊರೆಯುತ್ತದೆ. ದಾನಶಾಸನವು ಕೊಟ್ಟವರ ಹೆಸರಿನೊಂದಿಗೆ ಕೊಟ್ಟ ಭೂಮಿಯ ಅಳತೆ, ಅದರ ಎಲ್ಲೆಗಳು, ದಾನದ ಉದ್ದೇಶ, ಅದನ್ನು ನಡೆಸಬೇಕಾದವರು ಇವುಗಳನ್ನೂ ಬರೆಯುತ್ತದೆ. ಕೊನೆಯಲ್ಲಿ ಅದನ್ನು ಕಿತ್ತುಕೊಂಡವರಿಗೆ ಶಾಪವನ್ನೂ ಸೇರಿಸುತ್ತದೆ. ಅಲ್ಲಿ ಹೆಸರು ಒಂದು ಹೊಣೆಪತ್ರ. ದಾನಿಯೂ ಅವನ ಮಕ್ಕಳೂ ಮೊಮ್ಮಕ್ಕಳೂ ಆ ಮಾತಿಗೆ ಕಟ್ಟುಬೀಳುತ್ತಾರೆ. ನೋಟುಪುಸ್ತಕದ ರಟ್ಟಿನ ಮೇಲಿನ ಭಾವಚಿತ್ರವು ದಾನಿಯನ್ನು ಯಾವುದಕ್ಕೂ ಕಟ್ಟಿಹಾಕುವುದಿಲ್ಲ. ಅದು ಕಟ್ಟಿಹಾಕುವುದು ಮಗುವನ್ನು. ವರ್ಷಪೂರ್ತಿ ಆ ಮಗು ಲೆಕ್ಕ ಬಿಡಿಸುವಾಗಲೆಲ್ಲ ತಾನು ಯಾರ ಹಂಗಿನಲ್ಲಿರುವೆನೆಂಬುದನ್ನು ನೋಡಬೇಕು, ಪಕ್ಕದಲ್ಲಿ ಕುಳಿತವರಿಗೆ ತೋರಿಸಬೇಕು. ಇಂಥ ಪುಸ್ತಕಗಳಿಗೆ ಹಳೆಯ ಪತ್ರಿಕೆಯ ಹಾಳೆಯಿಂದ ಬೈಂಡು ಹಾಕಿ ಚಿತ್ರವನ್ನು ಮುಚ್ಚಿಕೊಳ್ಳುವ ಮಕ್ಕಳಿದ್ದಾರೆ. ವಿತರಣೆಯ ದಿನ ಹೊಟ್ಟೆನೋವೆಂದು ಮನೆಯಲ್ಲಿ ಉಳಿಯುವ ಮಕ್ಕಳಿದ್ದಾರೆ. ವಿಮರ್ಶೆಯನ್ನು ಅವರೇ ಮಾಡಿ ಮುಗಿಸಿರುತ್ತಾರೆ. ಕೇಳಿಸಿಕೊಳ್ಳುವುದು ಮಾತ್ರ ಉಳಿದಿದೆ.

ಇನ್ನೊಂದು ಆಕ್ಷೇಪಣೆಯೂ ತಳ್ಳಿಹಾಕತಕ್ಕದ್ದಲ್ಲ. ಪ್ರಚಾರವಿಲ್ಲದಿದ್ದರೆ ಜನರು ಕೊಡುವುದಿಲ್ಲ. ಒಬ್ಬರನ್ನು ನೋಡಿ ಇನ್ನೊಬ್ಬರು ಕೊಡುತ್ತಾರೆ. ಕೊನೆಗೆ ಲಾಭ ಮಕ್ಕಳಿಗೇ ಅಲ್ಲವೇ ಎಂದು ಅನುಭವಸ್ಥರು ಹೇಳುತ್ತಾರೆ. ಈ ಮಾತಿನಲ್ಲಿ ಸತ್ಯಾಂಶವಿದೆ. ಖಾಲಿ ಕೈಗಿಂತ ಭಾವಚಿತ್ರವಿರುವ ಪುಸ್ತಕವೇ ಮೇಲು ಎಂಬುದನ್ನೂ ಒಪ್ಪಬೇಕು. ಆದರೆ ಕಾರ್ಯವನ್ನು ಪ್ರಕಟಿಸುವುದು ಬೇರೆ, ಪಡೆಯುವವರನ್ನು ಪ್ರದರ್ಶಿಸುವುದು ಬೇರೆ. ಬಂದ ಹಣವೆಷ್ಟು, ಯಾವ ಅಂಗಡಿಯಿಂದ ಏನನ್ನು ಯಾವ ಬೆಲೆಗೆ ಕೊಂಡದ್ದು, ಯಾವ ಶಾಲೆಗೆ ಎಷ್ಟು ತಲುಪಿತು ಎಂಬ ಲೆಕ್ಕವನ್ನು ಬಸದಿಯ, ದೇವಸ್ಥಾನದ, ಗ್ರಂಥಾಲಯದ ಸೂಚನಾಫಲಕದಲ್ಲಿ ಹಾಕಬಹುದು. ಕೊಟ್ಟವರ ಹೆಸರುಗಳನ್ನೂ ಮೊತ್ತ ಬರೆಯದೆ ಅಕಾರಾದಿಯಾಗಿ ಸೇರಿಸಬಹುದು. ಅದರಿಂದ ವಿಶ್ವಾಸ ಬೆಳೆಯುತ್ತದೆ. ವಿಶ್ವಾಸದಿಂದ ಬಂದ ಹಣ ಮುಂದಿನ ವರ್ಷವೂ ಬರುತ್ತದೆ.

ನಾಲ್ಕನೆಯದು ಪಾತ್ರ. ಎಲ್ಲ ದೋಷಗಳ ಬೇರು ಇಲ್ಲಿದೆ. ಜಿನಸೇನಾಚಾರ್ಯರು ದಾನವನ್ನು ದಯಾದತ್ತಿ, ಪಾತ್ರದತ್ತಿ, ಸಮದತ್ತಿ, ಅನ್ವಯದತ್ತಿ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಬಡಮಕ್ಕಳಿಗೆ ಪುಸ್ತಕ ಕೊಡುವುದು ದಯಾದತ್ತಿ ಎಂದು ತಟ್ಟನೆ ಹೇಳಿಬಿಡಬಹುದು. ಸಮದತ್ತಿಯೆಂದರೆ ತನಗೆ ಸಮಾನನಾದವನಿಗೆ ಕೊಡುವುದು. ಮೂಲದಲ್ಲಿ ಅದು ಕ್ರಿಯೆ ವ್ರತಗಳಲ್ಲಿ ಸಮಾನನಾದ ಗೃಹಸ್ಥನನ್ನು ಉದ್ದೇಶಿಸಿದೆ. ಆ ಶಬ್ದವನ್ನು ಇಲ್ಲಿ ಬಳಸುವುದು ಅದರ ಎಲ್ಲೆಯನ್ನು ಹಿಗ್ಗಿಸಿದಂತೆಯೇ ಸರಿ. ಆದರೆ ಹಿಗ್ಗಿಸಲು ಕಾರಣವಿದೆ. ಶಾಲೆಗೆ ಹೋಗುವ ಮಗುವಿಗೆ ಓದುವುದು ನಾಡಿನ ಶಾಸನ ಒಪ್ಪಿಕೊಂಡ ಹಕ್ಕು. ಆ ಮಗು ಬೇಡಲು ಬಂದಿಲ್ಲ. ಅದೇ ಓಣಿಯಲ್ಲಿ ಅದೇ ನಲ್ಲಿಯ ನೀರು ಕುಡಿದು ಬೆಳೆದಿದೆ. ಅದರ ತಂದೆ ಅದೇ ಓಣಿಯ ಮನೆಗಳನ್ನು ಕಟ್ಟಿದ್ದಾನೆ, ತಾಯಿ ಅದೇ ಮನೆಗಳ ಪಾತ್ರೆ ತೊಳೆದಿದ್ದಾಳೆ. ಆ ಮಗುವಿಗೆ ಸಲ್ಲುವ ಪುಸ್ತಕ ನೆರೆಯವರು ನೆರೆಯವರಿಗೆ ಸಲ್ಲಿಸುವ ಪಾಲು. ದಯೆಯನ್ನು ಸಮಭಾವವು ನಡೆಸದಿದ್ದರೆ ಅದು ಮೇಲೆ ನಿಂತು ಕೆಳಗೆ ನೋಡುವುದನ್ನೇ ಅಭ್ಯಾಸ ಮಾಡಿಕೊಳ್ಳುತ್ತದೆ.

ವಿದ್ಯಾರ್ಥಿಗಳನ್ನು ನೆರೆಹೊರೆಯವರು ಸಲಹಿದ ಪದ್ಧತಿಗಳು ಕನ್ನಡನಾಡಿಗೆ ಹೊಸವಲ್ಲ. ವಾರಾನ್ನದಿಂದ ಓದಿ ಮುಂದೆ ಬಂದವರು ಹಿಂದಿನ ಪೀಳಿಗೆಗಳಲ್ಲಿ ಬಹಳ ಮಂದಿ. ವಾರಕ್ಕೊಂದು ದಿನ ಒಂದು ಮನೆಯಲ್ಲಿ ಊಟ ಮಾಡಿ ಹುಡುಗನು ಓದು ಮುಗಿಸುತ್ತಿದ್ದನು. ಆ ಪದ್ಧತಿಯಲ್ಲಿ ಮನೆಯಾಕೆಯು ಹುಡುಗನ ಮುಖವನ್ನು ವಾರವಾರವೂ ನೋಡುತ್ತಿದ್ದಳು; ಅವನು ಬಾರದಿದ್ದರೆ ಏಕೆ ಬಾರಲಿಲ್ಲವೆಂದು ವಿಚಾರಿಸುತ್ತಿದ್ದಳು. ಒಂದು ದಿನದ ಸಮಾರಂಭಕ್ಕಿಲ್ಲದ ನಿರಂತರತೆ ಅದಕ್ಕಿತ್ತು. ಆದರೆ ಅದಕ್ಕೆ ಜಾತಿಯ ಬೇಲಿಯೂ ಇತ್ತು, ಏಳು ಬಾಗಿಲುಗಳಲ್ಲಿ ನಿಲ್ಲುವ ಸಂಕೋಚವೂ ಇತ್ತು. ೨೦೦೨ರಲ್ಲಿ ಆರಂಭವಾದ ಅಕ್ಷರ ದಾಸೋಹದಲ್ಲಿ ಈ ಎರಡೂ ದೋಷಗಳಿಗೆ ಪರಿಹಾರವಿದೆ. ಹಸಿದವರು ಯಾರೆಂದು ಆರಿಸದೆ ಶಾಲೆಯ ಮಕ್ಕಳೆಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಬಡಿಸುವುದರಿಂದ ಯಾವ ಮಗುವಿನ ಬಡತನವೂ ಎದ್ದು ಕಾಣುವುದಿಲ್ಲ. ದಾಸೋಹವೆಂಬ ಶಬ್ದವೂ ಬಡಿಸುವವನಿಗೆ ವಿನಯವನ್ನು ಕಲಿಸುತ್ತದೆ.

ಜೈನ ಮನೆತನದಲ್ಲಿ ೧೮೮೭ರಲ್ಲಿ ಹುಟ್ಟಿದ ಕರ್ಮವೀರ ಭಾವೂರಾವ್ ಪಾಟೀಲರ ಕಾರ್ಯವು ಇದಕ್ಕೆ ಇನ್ನೂ ಸಮೀಪದ ನಿದರ್ಶನ. ೧೯೧೯ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದ ಅವರು ಸಾತಾರೆಯ ವಸತಿಗೃಹದಲ್ಲಿ ಎಲ್ಲ ಜಾತಿಗಳ ಬಡ ಹುಡುಗರನ್ನು ಒಟ್ಟಿಗೆ ಇರಿಸಿ ಓದಿಸಿದರು. ಮನೆಮನೆಯಲ್ಲಿ ಹೆಣ್ಣುಮಕ್ಕಳು ಅಡುಗೆಯ ಧಾನ್ಯದಿಂದ ಒಂದು ಹಿಡಿ ತೆಗೆದಿಡುವ ಮುಷ್ಟಿ ನಿಧಿ ಆ ಕಾರ್ಯಕ್ಕೆ ಆಧಾರವಾಯಿತು. ಅವರ ಪತ್ನಿ ಲಕ್ಷ್ಮೀಬಾಯಿಯವರು ಮಕ್ಕಳ ಊಟಕ್ಕಾಗಿ ತಮ್ಮ ಒಡವೆಗಳನ್ನು ಕೊಟ್ಟರು. ಮುಷ್ಟಿ ನಿಧಿಯಲ್ಲಿ ಯಾರ ಹಿಡಿ ಯಾವುದೆಂದು ಗುರುತಿಸುವುದು ಅಸಾಧ್ಯ. ಚೀಲಕ್ಕೆ ಬಿದ್ದ ಮೇಲೆ ಎಲ್ಲರ ಜೋಳವೂ ಒಂದೇ. ಬಡವಳಾದ ಹೆಂಗಸೂ ಹಿಡಿ ಜೋಳವನ್ನು ಕೊಡಬಲ್ಲಳು. ಹಾಗೆ ಕೊಟ್ಟಾಗ ಅವಳ ಮಗ ಪಡೆಯುವವನಷ್ಟೇ ಆಗದೆ ಕೊಟ್ಟವಳ ಮಗನೂ ಆಗುತ್ತಾನೆ. ಸಮದತ್ತಿಯ ಭಾವವು ಆಚರಣೆಗೆ ಇಳಿಯುವ ದಾರಿ ಇದು.

ಈ ವಿವೇಚನೆಯಿಂದ ಹೊರಡುವ ಕೆಲವು 
ಸೂಚನೆಗಳು ಕಷ್ಟಸಾಧ್ಯವಾದವುಗಳಲ್ಲ. ಅಕ್ಷಯ ತೃತೀಯಾ ಏಪ್ರಿಲ್ ಕೊನೆಗೋ ಮೇ ತಿಂಗಳಿಗೋ ಬರುತ್ತದೆ. ಶಾಲೆ ತೆರೆಯಲು ಆಗ ಕೆಲವು ವಾರಗಳು ಉಳಿದಿರುತ್ತವೆ. ಬೇಸಿಗೆ ರಜೆಗೆ ಮೊದಲೇ ಮುಖ್ಯೋಪಾಧ್ಯಾಯರಿಂದಲೂ ಪೋಷಕರಿರುವ ಶಾಲಾಭಿವೃದ್ಧಿ ಸಮಿತಿಯಿಂದಲೂ ತರಗತಿವಾರು ಪಟ್ಟಿಯನ್ನು ಪಡೆದು, ಶ್ರೇಯಾಂಸಕುಮಾರನ ದಿನದಂದು ಸಂಗ್ರಹವನ್ನು ಮುಗಿಸಬಹುದು. ಚಿನ್ನ ಕೊಳ್ಳುವ ದಿನವೆಂದು ಪೇಟೆಯು ಮಾಡಿಕೊಂಡಿರುವ ಹಬ್ಬಕ್ಕೆ ಅದರ ಮೂಲದ ಅರ್ಥವೂ ಅದರಿಂದ ಮರಳುತ್ತದೆ. ಹಣ ಕೊಡಲಾರದವರು ಪುಸ್ತಕಗಳಿಗೆ ಬೈಂಡು ಹಾಕಿಕೊಡಬಹುದು, ಹರಿದ ಚೀಲಗಳನ್ನು ಹೊಲಿದುಕೊಡಬಹುದು. ಮಕ್ಕಳ ತಾಯಂದಿರೂ ಆ ಕೆಲಸದಲ್ಲಿ ಸೇರಬಹುದು. ವಸ್ತುಗಳು ಶಾಲೆ ತೆರೆಯುವ ಮುನ್ನಾದಿನ ಉಪಾಧ್ಯಾಯರ ಕೈಸೇರಿ, ಮೊದಲ ದಿನ ತರಗತಿಯ ಎಲ್ಲ ಮಕ್ಕಳಿಗೂ ಪಾಠದ ಸಾಮಗ್ರಿಯಾಗಿ ಹಂಚಲ್ಪಡಲಿ. ಸಂಗ್ರಹದ ಮೂರನೆಯ ಒಂದು ಭಾಗವನ್ನು ಶಾಲೆಯ ಕಪಾಟಿನಲ್ಲಿ ದಸರೆಯ ಬಳಿಕದ ದಿನಗಳಿಗಾಗಿ ಇಡಲಿ. ಪುಸ್ತಕ ತುಂಬಿಸಿದ ಮಗು ಹಳೆಯದನ್ನು ತೋರಿಸಿ ಹೊಸದನ್ನು ಪಡೆಯಲಿ. ಒಂದು ಶಾಲೆಗೆ ಸಾಕಷ್ಟು ದೊರೆತಿದ್ದರೆ ಸಂಘಗಳು ಪರಸ್ಪರ ವಿಚಾರಿಸಿಕೊಂಡು ದೂರದ ಶಾಲೆಯತ್ತ ಹೋಗಲಿ.

ಅಂಗಡಿಯಲ್ಲಿ ದೊರೆಯುವ ಸಾಮಾನ್ಯ ನೋಟುಪುಸ್ತಕದ ಮೇಲೆ ಒಂದು ಚಿಕ್ಕ ಚೌಕವಿರುತ್ತದೆ. ಅದರಲ್ಲಿ ಹೆಸರು, ತರಗತಿ, ವಿಷಯ, ಶಾಲೆ ಎಂದು ಬರೆದು ಮುಂದೆ ಗೆರೆ ಎಳೆದಿರುತ್ತಾರೆ. ಅಕ್ಷರ ಕಲಿತ ಮಗು ತನ್ನ ಕೈಯಿಂದ ಮೊದಲು ತುಂಬುವುದು ಆ ಗೆರೆಯನ್ನು. ಪುಸ್ತಕದ ಮೇಲೆ ಬರೆಯಬೇಕಾದ ಹೆಸರು ಅದೊಂದೇ. ಅದಕ್ಕೆ ಸ್ಥಳ ಬಿಟ್ಟುಕೊಡುವಷ್ಟು ತ್ಯಾಗವನ್ನು ಶ್ರಾವಕರು ಮಾಡಬಲ್ಲರಾದರೆ ಶ್ರೇಯಾಂಸಕುಮಾರನು ತೋರಿದ ದಾರಿಯಲ್ಲಿ ಒಂದು ಹೆಜ್ಜೆ ಇಟ್ಟಂತಾಗುವುದು.